ಹೋಗದ ನೌಕರಿಯ ಗಡಿಯಾರ

ಹೋದ ರವಿವಾರ ತಮ್ಮನ ಮಗಳು ಸುಷ್ಮಾ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಲ್ಯಾಪ್‌ಟಾಪ್ ತೆರೆದಳು. ಮಿಲಿಟರಿಯವರ ಮಕ್ಕಳು ಓದುವ ಶಾಲೆಯೊಂದಕ್ಕೆ ಟೀಚರ್ ಹುದ್ದೆಯ ಅರ್ಜಿ ತುಂಬುವುದಿತ್ತು. ಎಲ್ಲವೂ ಆನ್‌ಲೈನ್. ಅಂಟು ಹಚ್ಚುವುದಿಲ್ಲ, ಸ್ಟಾಂಪು ನೆಕ್ಕುವುದಿಲ್ಲ. ನಾಲಿಗೆಗೆ ಕೆಲಸವಿಲ್ಲದ ಅರ್ಜಿಯನ್ನು ಅರ್ಜಿ ಎನ್ನಲು ನನಗೇಕೋ ಮನಸ್ಸೇ ಬಾರದು. ಟೈಮ್ ಎಷ್ಟಾಯಿತೆಂದು ಗೋಡೆ ನೋಡಿದ ಹುಡುಗಿಯ ಕಣ್ಣು ಅಲ್ಲೇ ಅಂಟಿಕೊಂಡಿತು.

"ಅತ್ತಿ, ನೀನೂ ಮಿಲಿಟರಿ ಸಾಲ್ಯಾಗ ಟೀಚರ್ ಇದ್ದೇನ? ಒಂದಿನಾನೂ ಹೇಳಿಲ್ಲಲ್ಲ!"

ನಮ್ಮ ಗೋಡೆಯ ಗಡಿಯಾರದ ಗಾಜಿನ ಮೇಲೆ ಕೆಂಪು ಪೇಂಟಿನಲ್ಲಿ ನನ್ನ ಹೆಸರಿದೆ. ಕೆಳಗೆ, ಮಿಲಿಟರಿ ಶಾಲೆಗೆ ಸೇರುತ್ತಿರುವ ಶುಭ ಸಂದರ್ಭದಲ್ಲಿ ಸಹೋದ್ಯೋಗಿಗಳ ಪ್ರೀತಿಯ ಕಾಣಿಕೆ ಎಂದು ಚೆಂದದ ಇಂಗ್ಲಿಷಿನಲ್ಲಿ ಬರೆದಿದೆ. ಸುಷ್ಮಾ ಹುಟ್ಟುವ ಮೊದಲಿನಿಂದ ಅದು ಅಲ್ಲೇ ಇದೆ. ದಿನಾ ಕಾಣುವುದನ್ನು ಯಾರು ಓದುತ್ತಾರೆ?

"ಇರಲಿಲ್ಲವಾ," ಅಂದೆ.

"ಮತ್ತ ಇದು?"

"ಅದು ಟೈಮ್ ಮಾತ್ರ ಖರೇ ಹೇಳತೈತಿ."

ಆಗ ನನಗೆ ಇಪ್ಪತ್ತಾರು. ಕಲಿತ ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸುತ್ತಿದ್ದೆ. ಶಾಲೆಯ ಗೇಟಿನಿಂದ ಮನೆಗೆ ಏಳು ನಿಮಿಷದ ದಾರಿ. ಆ ಏಳು ನಿಮಿಷದಲ್ಲಿ ಕನಿಷ್ಠ ನಾಲ್ಕು ಜನ ತಡೆದು, "ಯಾರ ಮಗಳವಾ ನೀ? ಮೂಲ ಯಾವೂರು ನಿಮ್ಮದು?" ಎಂದು ಕೇಳುತ್ತಿದ್ದರು. ಉತ್ತರ ಗೊತ್ತಿದ್ದವರೂ ಕೇಳುತ್ತಿದ್ದರು. ನಮ್ಮ ಕಡೆ ಅದೊಂದು ಬಗೆಯ ಗುಡ್ ಮಾರ್ನಿಂಗ್. ನನಗೋ ಸಾಕಾಗಿಹೋಗಿತ್ತು. ಒಮ್ಮೆ ರೈಲಿನಲ್ಲಿ ಆರ್ಮಿ ಆಫೀಸರರ ಇಬ್ಬರು ಮಕ್ಕಳು ಎದುರು ಕೂತಿದ್ದರು. ಮೊಣಕಾಲಿನವರೆಗೆ ಬಿಳಿ ಸಾಕ್ಸು, "ಎಕ್ಸ್‌ಕ್ಯೂಸ್ ಮಿ, ಮ್ಯಾಮ್" ಎಂಬ ಮಾತು. ಹುಬ್ಬಳ್ಳಿಯಿಂದ ಧಾರವಾಡ ಬರುವಷ್ಟರಲ್ಲಿ ಆ "ಮ್ಯಾಮ್" ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತು. ಯಾರ ಮಗಳೆಂದು ಯಾರೂ ಕೇಳದ ಜಾಗ ಭೂಮಿಯ ಮೇಲಿದ್ದರೆ ಅದು ಮಿಲಿಟರಿಯವರ ಶಾಲೆಯೇ ಎಂದು ನಿಶ್ಚಯಿಸಿದೆ.

ಮೂರು ಶಾಲೆಗಳಿಗೆ ಅರ್ಜಿ ಹಾಕಿದೆ. ಸರ್ಟಿಫಿಕೇಟಿನ ನಕಲುಗಳಿಗೆ ಗೆಜೆಟೆಡ್ ಆಫೀಸರರ ಸಹಿ ಬೇಕಿತ್ತು. ನಮಗೆ ಪರಿಚಯವಿದ್ದ ಒಬ್ಬರೇ ಗೆಜೆಟೆಡ್ ಆಫೀಸರೆಂದರೆ ದನದ ಡಾಕ್ಟರು. ನನ್ನ ಕ್ಯಾರೆಕ್ಟರ್ ಛಲೋ ಇದೆಯೆಂದು ಬರೆದುಕೊಟ್ಟವರೂ ಅವರೇ. ಸಹಿ ಹಾಕುವ ಮುಂಚೆ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಎಲ್ಲಿ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೋ ಎಂದು ಹೆದರಿದ್ದೆ.

ಎರಡು ಕಡೆಯಿಂದ ಉತ್ತರವಿಲ್ಲ. ಮೂರನೆಯದು, ಬೆಳಗಾವಿ ಕ್ಯಾಂಪಿನ ಶಾಲೆ, ಇಂಟರ್‌ವ್ಯೂಗೆ ಕರೆಯಿತು. ಕಾಗದವನ್ನು ನನಗಿಂತ ಮೊದಲು ಓದಿದವನು ಅಪ್ಪನ ತಮ್ಮ ಚನ್ನಪ್ಪ ಕಾಕಾ. ಹತ್ತಿ ವ್ಯಾಪಾರಿ. ಚಿಟಿಕೆ ಹತ್ತಿ ಹಿಂಜಿ ನೋಡಿ ಇಡೀ ಮೂಟೆಯ ಗುಣ ಹೇಳುವವನು. ಕಾಗದವನ್ನೂ ಹಾಗೆಯೇ ಬೆರಳಲ್ಲಿ ಉಜ್ಜಿ ನೋಡಿದ.

"ಕಾಗದ ದಪ್ಪ ಐತಿ. ಮಿಲಿಟರಿಯವ್ರು ಸುಮ್ ಸುಮ್ನ ಕರಿಯಾವ್ರಲ್ಲ. ಕರದ್ರಂದ್ರ ಆತು! ಪೇಡಾ ತರ್ತೇನಿ."

ಮಧ್ಯಾಹ್ನ ಓಣಿಗೆಲ್ಲ ಪೇಡಾ. ಸಂಜೆಗೆ ಸುದ್ದಿ ಕಾನ್ವೆಂಟಿಗೆ ಮುಟ್ಟಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಸೆಂಡ್-ಆಫ್‌ನ ದಿನ ನಿಗದಿಯಾಗಿತ್ತು. ಇದಿನ್ನೂ ಬರೀ ಇಂಟರ್‌ವ್ಯೂ ಎಂದು ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನಿಟಾ ಆ ದಿನ ಎದ್ದು ನಿಂತು, ನನ್ನ ಬಗ್ಗೆ ನಾನೇ ಎಂದೂ ಕೇಳಿರದ ವಿಶೇಷಣಗಳನ್ನು ಬಳಸಿ ಹತ್ತು ನಿಮಿಷ ಹೊಗಳಿ, ಈ ಗಡಿಯಾರವನ್ನು ಕೈಗಿಟ್ಟರು. ನೀವಾಗಿದ್ದರೆ ನಡುವೆ ಕೈ ಎತ್ತುತ್ತಿದ್ದಿರಾ? ನಾನು ಥ್ಯಾಂಕ್ಯೂ ಸ್ಪೀಚ್ ಮಾಡಿದೆ, ಕಣ್ಣೀರು ಹಾಕಿದೆ, ಅದೇ ಭರದಲ್ಲಿ ರಾಜೀನಾಮೆಯನ್ನೂ ಕೊಟ್ಟುಬಿಟ್ಟೆ. ಹೀಗೆ ನಾನು ಬೆಳಗಾವಿಯ ಬಸ್ ಹತ್ತಿದಾಗ ಕೈಯಲ್ಲಿ ನೌಕರಿಯಿರಲಿಲ್ಲ, ಗೋಡೆಯ ಮೇಲೆ ಗಡಿಯಾರವಿತ್ತು.

ಜೊತೆಗೆ ಕಾಕಾ ಇದ್ದ. ಗೇಟಿನ ಸೆಂಟ್ರಿ ಕಾಗದ ತೋರಿಸಿ ಎಂದ. ಕಾಕಾ ಕಾಗದ ಕೊಡುತ್ತ, "ಯಾವೂರಪಾ ತಮ್ಮಾ ನಿಂದು?" ಎಂದ. ಸೆಂಟ್ರಿಗೆ ಕನ್ನಡ ಬಾರದು. ಕಾಕಾ ಬಿಟ್ಟಾನೆಯೇ? "ಗಾಂವ್, ಗಾಂವ್ ಕೌನ್ಸಾ?"

"ಕಾಕಾ, ಪ್ಲೀಜ್! ಇಲ್ಲೆ ಹಂಗೆಲ್ಲಾ ಕೇಳಬಾರದು," ಎಂದು ಅವನನ್ನು ಮರದ ನೆರಳಿಗೆ ಕೂಡಿಸಿ ಒಳಗೆ ಹೋದೆ.

ನಾಲ್ಕನೆಯ ಕ್ಲಾಸಿಗೆ ಡೆಮೊ ಪಾಠ. ವಿಷಯ ನಾಮಪದ. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು, ಪಕ್ಕದಲ್ಲಿ ದೊಡ್ಡ ಮೀಸೆಯ ಒಬ್ಬ ಕರ್ನಲ್ ಸಾಹೇಬರು. ಮಕ್ಕಳೆಲ್ಲ ಒಮ್ಮೆಲೇ ಎದ್ದು "ಗುಡ್ ಮಾರ್ನಿಂಗ್, ಮ್ಯಾಮ್!" ಅಂದ ಹೊಡೆತಕ್ಕೆ ವಾರವಿಡೀ ಬಾಯಿಪಾಠ ಮಾಡಿದ್ದು ಕಿಟಕಿಯಿಂದ ಹಾರಿಹೋಯಿತು. ಖಾಲಿಯಾದ ತಲೆಯಲ್ಲಿ ಉಳಿದದ್ದು ನಮ್ಮ ಓಣಿ ಮಾತ್ರ. ಮುಂದಿನ ಬೆಂಚಿನ ಹುಡುಗನನ್ನು ಕೇಳಿಯೇಬಿಟ್ಟೆ, ಇಂಗ್ಲಿಷಿನಲ್ಲಿ: "ನಿನ್ನ ಊರು ಯಾವುದಪ್ಪಾ?"

ಹುಡುಗ ಯೋಚಿಸಿ ಕೇಳಿದ: "ಯಾವ ವರ್ಷದ್ದು, ಮ್ಯಾಮ್?"

ಪಕ್ಕದವಳು ಬೆರಳು ಮಡಚುತ್ತ ಪಠಾಣ್‌ಕೋಟ್, ಜೋಧಪುರ, ತೇಜಪುರ ಎಂದು ಹೇಳಿ ಇನ್ನೊಂದು ಕೈಗೆ ದಾಟಿದಳು. ಎರಡು ಜಡೆಯ ಒಂದು ಸಣ್ಣ ಹುಡುಗಿ ಎದ್ದು ನಿಂತು, "ನಮ್ಮ ಕರಿ ಟ್ರಂಕುಗಳು ಎಲ್ಲಿರುತ್ತವೋ ಅದೇ ನಮ್ಮ ಊರು, ಮ್ಯಾಮ್. ಅದರ ಮೇಲೆ ಬಿಳಿ ಪೇಂಟಿನಲ್ಲಿ ಪಪ್ಪಾನ ಹೆಸರಿದೆ," ಎಂದಳು.

ಅಷ್ಟರಲ್ಲಿ ಮೊದಲಿನ ಹುಡುಗ ಕೈ ಎತ್ತಿದ. "ನಿಮಗೆ ಎಷ್ಟು ಪೋಸ್ಟಿಂಗ್ ಆಗಿವೆ, ಮ್ಯಾಮ್?"

"ಒಂದೇ. ಕೇಶ್ವಾಪುರ."

ಅಷ್ಟೂ ಕಣ್ಣುಗಳಲ್ಲಿ ನನ್ನ ಬಗ್ಗೆ ಅಪಾರ ಕನಿಕರ. ಎರಡು ಜಡೆಯವಳು ಮೆಲ್ಲಗೆ, "ಡೋಂಟ್ ವರಿ, ಮ್ಯಾಮ್. ನಿಮಗೂ ಆರ್ಡರ್ ಬರುತ್ತೆ," ಎಂದು ಸಮಾಧಾನ ಹೇಳಿದಳು. ಕರ್ನಲ್ ಸಾಹೇಬರ ಮೀಸೆ ಅಲುಗಾಡಿತು.

ಆಮೇಲೆ ನಾಮಪದದ ನೆನಪು ಯಾರಿಗಿತ್ತು? ಟೇಬಲ್ಲಿನ ಅಂಚಿಗೆ ಕೂತು ಟ್ರಂಕಿನೊಳಗೆ ಏನೇನು ಇಡುತ್ತೀರಿ, ನಾಯಿಯನ್ನು ಹೇಗೆ ಒಯ್ಯುತ್ತೀರಿ, ಬಿಟ್ಟುಬಂದ ಗೆಳತಿಯರು ಕಾಗದ ಬರೆಯುತ್ತಾರೋ ಎಂದು ಕೇಳುತ್ತ ಹೋದೆ. ಬೆಲ್ ಹೊಡೆದಾಗ ಬೋರ್ಡಿನ ಮೇಲೆ ಆ ದಿನದ ತಾರೀಖು ಬಿಟ್ಟರೆ ಏನೂ ಇರಲಿಲ್ಲ.

ಹೊರಗೆ ಬಂದರೆ ಕಾಕಾ ಗೇಟಿನಲ್ಲಿ ನಿಂತು, ನಮ್ಮ ಬುತ್ತಿಯ ಶೇಂಗಾ ಹೋಳಿಗೆಯನ್ನು ಸೆಂಟ್ರಿಯ ಕೈಗಿಡುತ್ತಿದ್ದ. ಸೆಂಟ್ರಿಯ ಊರು, ತಂಗಿಯ ಮದುವೆ, ಎಮ್ಮೆಯ ಹೆಸರು ಎಲ್ಲವೂ ಅಷ್ಟರಲ್ಲಿ ಅವನಿಗೆ ತಿಳಿದಿದ್ದವು.

"ಹೆಂಗಾತು?"

"ಆತು, ಕಾಕಾ."

"ಕರ್ನಲ್ ಸಾಹೇಬ್ರು ಯಾವೂರಾವ್ರಂತ?"

"ಅವ್ರನ್ನ ಕೇಳಲಿಲ್ಲ."

"ಅಲ್ಲೇ ತಪ್ಪಿದಿ ನೋಡು!"

ವಿಷಾದದ ಕಾಗದ ಬೇಗನೇ ಬಂತು. ಅದೂ ದಪ್ಪ ಕಾಗದವೇ. ಗಡಿಯಾರವನ್ನು ಪೇಪರಿನಲ್ಲಿ ಸುತ್ತಿಕೊಂಡು ಸಿಸ್ಟರ್ ಬೆನಿಟಾರ ಎದುರು ನಿಂತೆ. ಗಡಿಯಾರ ವಾಪಸ್ ಕೊಡಬಹುದು, ರಾಜೀನಾಮೆಯನ್ನು ವಾಪಸ್ ಕೇಳುವುದು ಹೇಗೆ? ಅವರು ಮಂಗಳೂರಿನವರು. ನನ್ನ ಮಾತು ಮುಗಿಯುವ ಮೊದಲೇ ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ರಾಜೀನಾಮೆ. ಒಡೆದೂ ಇರಲಿಲ್ಲ.

"ನಿನ್ನ ಕಾಕಾ ಪೇಡಾ ಹಂಚಿದರೆ ಅಪಾಯಿಂಟ್‌ಮೆಂಟ್ ಆಗುವುದಿಲ್ಲ, ಮೈ ಚೈಲ್ಡ್. ಅಷ್ಟು ನನಗೆ ಗೊತ್ತುಂಟು."

"ಮತ್ತೆ ಸೆಂಡ್-ಆಫ್ ಯಾಕೆ ಮಾಡಿದಿರಿ, ಸಿಸ್ಟರ್?"

"ಟೀಚರುಗಳಿಗೆ ಕೇಕ್ ಬೇಕಿತ್ತು." ಕನ್ನಡಕ ಏರಿಸಿ ಗಡಿಯಾರವನ್ನು ನೋಡಿದರು. "ಪೇಂಟ್ ಒಣಗಿದೆ. ಇದೇ ಹೆಸರಿನವಳನ್ನು ಮಿಲಿಟರಿಗೆ ಕಳಿಸಲು ನಾನು ಎಲ್ಲಿ ಹುಡುಕಲಿ? ನೀನೇ ಇಟ್ಟುಕೋ. ಈಗ ಹೋಗು, ಐದನೇ ಕ್ಲಾಸಿನವರು ಗಲಾಟೆ ಮಾಡ್ತಿದ್ದಾರೆ."

ಹೋದೆ. ಅಲ್ಲೇ ರಿಟೈರ್ ಆದೆ. ಆ ದಿನ ಹೊಸ ಟೀಚರುಗಳು, "ಮೇಡಂ, ನಿಮ್ಮ ಸೆಂಡ್-ಆಫ್ ಮೊದಲ ಆಗೇತಂತಲ್ರೀ," ಎಂದು ಬರೀ ಒಂದು ಹಾರ ಹಾಕಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದ ಮಕ್ಕಳ ಹೆಸರುಗಳು ಈಗೀಗ ಜಾರಿಹೋಗುತ್ತಿವೆ. ಆ ಒಂದೇ ಪಿರಿಯಡ್ಡಿನ ಎರಡು ಜಡೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅವಳ ಟ್ರಂಕುಗಳು ಈಗ ಎಲ್ಲಿ ನಿಂತಿವೆಯೋ.

ಸುಷ್ಮಾ ನಕ್ಕು ನಕ್ಕು ಕಣ್ಣೊರೆಸಿಕೊಂಡು ಮತ್ತೆ ಫಾರ್ಮಿಗೆ ತಿರುಗಿದಳು. ಕಾಯಂ ವಿಳಾಸದ ಕಾಲಮ್ಮಿನಲ್ಲಿ ಅವಳ ಬೆರಳು ನಿಂತಿತು. ಬಾಡಿಗೆ ಮನೆಗಳನ್ನು ಬದಲಿಸುತ್ತಲೇ ಬಂದವಳು ಅವಳು.

"ಅತ್ತಿ, ಈ ಮನಿದ ಹಾಕ್ಲೇನ?"

"ಹಾಕವಾ," ಅಂದೆ. ಜೀವಮಾನವಿಡೀ ಒಂದೇ ಪೋಸ್ಟಿಂಗಿನಲ್ಲಿ ಉಳಿದದ್ದಕ್ಕೆ ನನಗೆ ಅಂದು ಮೊದಲ ಸಲ ಜಂಬ ಬಂತು.

ನಿನ್ನೆ ಅವಳ ಫೋನ್. ಇಂಟರ್‌ವ್ಯೂಗೆ ಕರೆ ಬಂದಿದೆ. "ಅತ್ತಿ, ಆರ್ಡರ್ ಕೈಗೆ ಬರೂತನಕ ಯಾರ ಮುಂದೂ ಹೇಳಬ್ಯಾಡ. ನನ್ನಾಣೆ." ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಹಾಲಿನವಳು ಬಂದು ಹೋದಳು, ಪಕ್ಕದ ಮನೆಯವರು ಕರಿಬೇವು ಕೇಳಲು ಎರಡು ಸಲ ಬಂದರು, ತುಟಿ ಬಿಚ್ಚಲಿಲ್ಲ. ನಿಮಗೊಬ್ಬರಿಗೇ ಹೇಳಿದ್ದು. ಗಡಿಯಾರದ ಎದುರಿಗಂತೂ ಮಾತೇ ಎತ್ತಿಲ್ಲ. ಅದಕ್ಕೆ ಹೇಳಿದರೆ ಬರೆದಿಟ್ಟುಕೊಂಡುಬಿಡುತ್ತದೆ.