ಕಾಯಿ ಅಲ್ಲಾಡಿಸಿ ನೋಡುವ ಇನ್ನಾಸಮ್ಮ

ನನ್ನ ತಂಗಿ ಆರೋಗ್ಯಮ್ಮ ತೀರಿಕೊಂಡ ಸುದ್ದಿಯನ್ನು ನಾನು ಮೊದಲು ಹೇಳಲು ಹೋದದ್ದು ಬಂಧುಗಳ ಮನೆಗಲ್ಲ, ತುರುವೇಕೆರೆ ರಸ್ತೆಯಲ್ಲಿರುವ ಏಕಾಂತಯ್ಯನವರ ಕೊಬ್ಬರಿ ಅಟ್ಟಕ್ಕೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಕಾಯಿರಾಶಿಯ ನಡುವೆ ಕುಳಿತ ಇನ್ನಾಸಮ್ಮ ಒಂದೊಂದೇ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ನನ್ನ ಮುಖ ಕಂಡು ಕೈಯಲ್ಲಿದ್ದುದನ್ನು ಕೆಳಗಿಟ್ಟರು.

"ಯಾವಾಗ ಹೋದ್ಲು ಮೇಷ್ಟ್ರೇ?"

"ನಾಲ್ಕು ಗಂಟೆಗೆ."

"ನೀರು ಕುಡುದ್ಲಾ?"

"ಎರಡು ಚಮಚ."

ಶಿಲುಬೆಯ ಗುರುತು ಹಾಕಿಕೊಂಡು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹತ್ತು ವರ್ಷದ ಹಿಂದೆ ನನ್ನ ತಂಗಿಯ ಹೆಸರೆತ್ತಿದರೆ ಸಾಕು, ಇವರೇ ಎದ್ದು ಹೋಗುತ್ತಿದ್ದರು.

ಅದಾಗಿ ಮೂರು ವಾರವಾಯಿತು. ಐವತ್ತೆಂಟರ ಇನ್ನಾಸಮ್ಮ ಇಂದೂ ಆರು ಗಂಟೆಗೆ ಅಟ್ಟ ಹತ್ತುತ್ತಾರೆ. ಕಾಯಿ ಇಲ್ಲಿ ಹತ್ತು ಹನ್ನೆರಡು ತಿಂಗಳು ಒಣಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದರೆ ಗಡಗಡ ಎನ್ನುತ್ತದೆ. ನೀರು ಉಳಿದಿದ್ದರೆ ಸದ್ದೇ ಬೇರೆ. ಅಂಥದನ್ನು ಸುಲಿದು ಒಡೆದರೆ ಕೊಬ್ಬರಿ ಕೆಟ್ಟಂತೆಯೇ. ದಿನಕ್ಕೆ ಸಾವಿರದ ಐನೂರು ಕಾಯಿ ಇವರ ಕಿವಿ ದಾಟಿ ಸುಲಿಯುವವರ ಕೈಗೆ ಹೋಗುತ್ತವೆ.

"ಈಯಮ್ಮ ಹೂಂ ಅಂದ್ರೆ ಸುಲೀತೀವಿ, ಊಹೂಂ ಅಂದ್ರೆ ಇಲ್ಲ. ನಾನು ಹೆಸರಿಗಷ್ಟೇ ಯಜಮಾನ ಕಣ್ರೀ," ಎನ್ನುತ್ತಾರೆ ಏಕಾಂತಯ್ಯ.

ಆದರೆ ಇದೇ ಕಿವಿಗೆ ಒಮ್ಮೆ ಅಪವಾದ ಬಂದಿತ್ತು. ಹನ್ನೊಂದು ವರ್ಷದ ಹಿಂದೆ, ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಇವರೂ ನನ್ನ ತಂಗಿಯೂ ತಿಪಟೂರಿನ ಒಬ್ಬ ವರ್ತಕರ ಅಟ್ಟದಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದರು. ತಂಗಿ ಮಾತಿನ ಭರದಲ್ಲಿ ಒಂದು ಗಾಡಿಯಷ್ಟು ಹಸಿಕಾಯಿಯನ್ನು ಒಣಗಿದೆ ಎಂದು ಸುಲಿಯಲು ಕೊಟ್ಟುಬಿಟ್ಟಳು. ಕೊಬ್ಬರಿ ಕೆಟ್ಟು ಯಜಮಾನರು ಕೇಳಿದಾಗ ಹೆದರಿ, ಇನ್ನಾಸಮ್ಮನ ಕಡೆ ಕೈ ತೋರಿಸಿದಳು. ತಪ್ಪು ಅವಳದೇ ಎಂಬ ಅನುಮಾನ ನನಗಿತ್ತು. ತಂಗಿಯನ್ನು ಕೇಳಲಿಲ್ಲ.

ಗಂಡನಿಲ್ಲದ ಇನ್ನಾಸಮ್ಮನಿಗೆ ಒಂದು ವರ್ಷ ಯಾರೂ ಅಟ್ಟದ ಕೆಲಸ ಕೊಡಲಿಲ್ಲ. ಹಂದನಕೆರೆ ಕಡೆ ರಾಗಿಹೊಲದ ಕಳೆ ಕಿತ್ತು ಬದುಕಿದರು. ಬೀದಿಯಲ್ಲಿ "ಕಿವುಡಿ ಬಂದ್ಲು" ಎಂದು ಆಡಿಕೊಂಡು ನಕ್ಕರು.

ಆ ವರ್ಷಗಳಲ್ಲಿ ನಮ್ಮ ಸಣ್ಣ ಚರ್ಚಿನ ಗುಡಿಯಲ್ಲಿ ಎಲ್ಲರೂ ಪ್ರಾರ್ಥಿಸುತ್ತ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ" ಎನ್ನುವಾಗ ಇನ್ನಾಸಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲೂ ಏಳುತ್ತಿರಲಿಲ್ಲ.

"ದೇವರ ಮುಂದೆ ಸುಳ್ಳು ಹೇಳ್ಲಾ ಮೇಷ್ಟ್ರೇ?" ಎಂದು ಈಗ ಕೇಳುತ್ತಾರೆ. "ನಮ್ಮ ಗುಡಿ ಸ್ವಾಮಿಗಳ ಹತ್ರ ಪಾಪನಿವೇದನೆಗೆ ಹೋದೆ. ಕ್ಷಮಿಸಕ್ಕಾಗ್ದಿದ್ರೆ ಬ್ಯಾಡ, ದಿನಾ ಅವಳ ಹೆಸರಲ್ಲಿ ಒಂದು ನಮೋ ಮರಿಯಾ ಜಪ ಹೇಳು ಅಂದ್ರು. ಹಲ್ಲು ಕಚ್ಕೊಂಡೇ ಹೇಳ್ದೆ. ಮಾತೆಗೆ ಹಲ್ಲು ಕಚ್ಚಿದ್ದೂ ಕೇಳ್ಸಿರ್ತದೆ ಬುಡಿ."

ಹಾಗೆ ಹೇಳುತ್ತ ಹೇಳುತ್ತ ವರ್ಷಗಳು ಉರುಳಿದವು. ಒಂದು ಈಸ್ಟರ್‌ಗೆ ದಾರಿಯಲ್ಲಿ ತಂಗಿ ಎದುರಾದಾಗ "ಚೆನ್ನಾಗಿದ್ದೀಯಾ?" ಎಂದರಂತೆ. ಅಷ್ಟೆ. ಎರಡು ವರ್ಷದ ಹಿಂದೆ ತಂಗಿಗೆ ಲಕ್ವ ಹೊಡೆಯಿತು. ಮಾರನೆಯ ಸಂಜೆ ಇನ್ನಾಸಮ್ಮ ರಾಗಿಗಂಜಿಯ ಚೊಂಬು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಂದಿನಿಂದ ಕೆಲಸ ಮುಗಿಸಿ ಬಂದು ಅವಳ ಮೈ ಒರೆಸಿ, ತಲೆ ಬಾಚಿ, ಗಂಜಿ ಕುಡಿಸಿ ಹೋಗುವುದು ತಪ್ಪಲಿಲ್ಲ.

ಕಳೆದ ವರ್ಷ ಒಂದು ದಿನ ತಂಗಿ ತೊದಲುತ್ತ ನನ್ನೆದುರೇ ಹೇಳಿದಳು: "ಇನ್ನಾಸಿ, ಆವತ್ತು ಆ ಕಾಯಿ ನೋಡ್ದೋಳು ನಾನೇ."

"ಗೊತ್ತು ಕಣೇ. ಗಂಜಿ ಆರೋಗ್ತದೆ, ಕುಡಿ."

"ಬೈಯೇ ನನ್ನ."

"ಒಂಬತ್ತು ವರ್ಷ ಬೈದಿವ್ನಿ. ಸಾಲ್ದಾ? ಬಾಯಿ ತೆಗಿ."

ಇಷ್ಟಾದ ಮೇಲೆ ಸಿಟ್ಟು ಪೂರ್ತಿ ಹೋಯಿತೇ ಎಂದು ಇವತ್ತು ಅಟ್ಟದಲ್ಲೇ ಕೇಳಿದೆ. ಇನ್ನಾಸಮ್ಮ ನಕ್ಕರು.

"ಎಲ್ಲಿ ಹೋಯ್ತದೆ? ಬೆಳಿಗ್ಗೆ ಕ್ಷಮಿಸಿರ್ತೀನಿ, ಹೊತ್ತು ನೆತ್ತಿಗೆ ಬರೋ ಹೊತ್ಗೆ ಆ ಕಳೆ ಕಿತ್ತ ಹೊಲ ನೆಪ್ಪಾಯ್ತದೆ. ಮತ್ತೆ ಮೊದ್ಲಿಂದ ಕ್ಷಮಿಸ್ಬೇಕು. ಮೊದ್ಲು ದಿನಾ ಬರೋದು, ಈಗ ವಾರಕ್ಕೊಂದ್ಸಲ ಬತ್ತದೆ. ಅಷ್ಟು ಬೆಳೆದಿವ್ನಿ. ನಿಮ್ಮ ತಂಗಿ ಮಣ್ಣಾದ ದಿನವೂ ಬಂತು ಮೇಷ್ಟ್ರೇ, ಮುಚ್ಚಿಡಲ್ಲ. ಗುಂಡಿ ಹತ್ರ ನಿಂತ್ಕೊಂಡೇ ಇನ್ನೊಂದ್ಸಲ ಬುಟ್ಟುಬುಟ್ಟೆ."

ನಿಮಗೇನು ಆಸೆ ಎಂದಾಗ ಒಂದು ಕಾಯಿಯನ್ನು ಪಕ್ಕಕ್ಕಿಟ್ಟು ಯೋಚಿಸಿದರು.

"ಸಾಯೋದ್ರೊಳ್ಗೆ ಒಂದಿಡೀ ದಿನ ಯಾರ ಮೇಲೂ ಸಿಟ್ಟಿಲ್ದೆ ಇರ್ಬೇಕು. ಒಂದು ದಿನ ಆದ್ರೆ ಸಾಕು."

ಅಟ್ಟದಿಂದ ಇಳಿದು ಬರುತ್ತ ನನ್ನ ಬಾಯಿಗೆ ಬಂದ ಪ್ರಾರ್ಥನೆಯನ್ನೇ ಇಲ್ಲಿ ಬರೆಯುತ್ತೇನೆ. ಸ್ವಾಮಿ, ಆರೋಗ್ಯಮ್ಮ ಯಾರಿಗೆ ತಪ್ಪು ಮಾಡಿದಳೋ ಅವರೇ ಅವಳನ್ನು ಎಷ್ಟೋ ಸಲ ಕ್ಷಮಿಸಿದ್ದಾರೆ. ನೀವೂ ಕ್ಷಮಿಸಿರಿ. ನಿಮ್ಮ ಬೆಳಕಿನಲ್ಲಿ ಅವಳಿಗೆ ಜಾಗ ಕೊಡಿರಿ, ಅವಳ ಆತ್ಮ ಶಾಂತಿಯಿಂದ ವಿಶ್ರಮಿಸಲಿ. ಆಮೆನ್.