ಕಪ್ಪು ಬಳಿದ ಕೊಕ್ಕು

1962ನೇ ಇಸವಿಯ ಮಾರ್ಚ್ ತಿಂಗಳು. ದಾವಣಗೆರೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಡೆಮಾನ್‌ಸ್ಟ್ರೇಟರ್ ಎಂದರೆ ಪಾಠ ಮಾಡುವ ಅಧ್ಯಾಪಕರಿಗೂ ಬಾಗಿಲು ತೆಗೆಯುವ ಅಟೆಂಡರಿಗೂ ನಡುವೆ ಬದುಕುವ ಒಂದು ಪ್ರಾಣಿ. ಕಪ್ಪೆ ಕೊಯ್ದು ತೋರಿಸುವುದು, ಬಾಟಲಿಗಳಿಗೆ ಫಾರ್ಮಲಿನ್ ತುಂಬುವುದು, ರೆಕಾರ್ಡ್ ಪುಸ್ತಕ ತಿದ್ದುವುದು ನನ್ನ ಕೆಲಸ. ಸೇರಿ ಎರಡು ವರ್ಷ ತುಂಬುತ್ತಿತ್ತು. ನನ್ನನ್ನು ಕಾಯಂ ಮಾಡುವ ಕಡತ ಆ ತಿಂಗಳೇ ಪ್ರಿನ್ಸಿಪಾಲರ ಮೇಜು ಸೇರಿತ್ತು.

ನಮ್ಮ ಮ್ಯೂಸಿಯಂ ಎಂದರೆ ಎರಡು ಗಾಜಿನ ಬೀರು. ಅದರಲ್ಲಿದ್ದ ಒಂದೇ ಒಂದು ಹೆಮ್ಮೆಯ ವಸ್ತು ಹುಲ್ಲು ತುಂಬಿದ ಆಯ್ಸ್ಟರ್‌ಕ್ಯಾಚರ್. ಅದು ಸಮುದ್ರದ ದಡದಲ್ಲಿ ಸಿಂಪಿ, ಕಪ್ಪೆಚಿಪ್ಪುಗಳನ್ನು ಬಿಡಿಸಿ ತಿಂದು ಬದುಕುವ ಹಕ್ಕಿ. ಗಾತ್ರ ಹೆಚ್ಚುಕಡಿಮೆ ಕಾಗೆಯಷ್ಟು. ತಲೆ, ಕತ್ತು, ಬೆನ್ನು ಕಪ್ಪು, ಹೊಟ್ಟೆ ಬಿಳಿ, ರೆಕ್ಕೆ ಬಿಚ್ಚಿದರೆ ಅಡ್ಡಲಾಗಿ ಬಿಳಿಯ ಪಟ್ಟೆ. ಕಾಲಿಗೆ ಮೂರೇ ಬೆರಳು, ಹಿಂದಿನ ಬೆರಳು ಇಲ್ಲ. ಕೊಕ್ಕು ಉದ್ದ, ನೆಟ್ಟಗೆ, ಎರಡೂ ಪಕ್ಕ ಒತ್ತಿದಂತೆ ಚಪ್ಪಟೆ. ಕಾಲೇಜಿನ ಕಮಿಟಿಯಲ್ಲಿದ್ದ ಹತ್ತಿ ವ್ಯಾಪಾರಿಯೊಬ್ಬರು ಕಾರವಾರದಿಂದ ತಂದು ಕೊಟ್ಟಿದ್ದರಂತೆ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನಾನು ಅದುವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಆದರೂ ಸಮುದ್ರದ ಹಕ್ಕಿಯ ಬಗ್ಗೆ ಅಧಿಕಾರದಿಂದ ಮಾತಾಡುತ್ತಿದ್ದೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಪ್ರಿನ್ಸಿಪಾಲರು ಬಂದು, "ಹೊರಗಿನಿಂದ ಪರೀಕ್ಷಕರು ಬರ್ತಾರ್ರೀ. ಬೀರು ಮದುವಿ ಮನಿ ಹಂಗೆ ಕಾಣ್ಬೇಕು" ಎಂದು ಹೇಳಿ ಹೋದರು. ಸತ್ತ ಹಕ್ಕಿಯ ಕೊಕ್ಕು ಬಣ್ಣ ಕಳೆದುಕೊಳ್ಳುತ್ತದೆ. ಹುಲ್ಲು ತುಂಬುವವರು ಅದಕ್ಕೆ ಮೇಲಿನಿಂದ ಬಣ್ಣ ಹಚ್ಚಿರುತ್ತಾರೆ. ನಮ್ಮ ಹಕ್ಕಿಗೆ ಆ ಬಣ್ಣವೂ ಎದ್ದುಹೋಗಿ ಕೊಕ್ಕು ಹಳೆ ಬೆಲ್ಲದ ಹಾಗೆ ಕಾಣುತ್ತಿತ್ತು. ವಿಭಾಗದಲ್ಲಿದ್ದ ಒಂದೇ ಪ್ರತಿ ಇಂಗ್ಲಿಷ್ ಪುಸ್ತಕ ತೆಗೆದು ಚಿತ್ರ ನೋಡಿದೆ. ಫೋಟೋದಲ್ಲಿ ಕೊಕ್ಕು ಕಪ್ಪಗಿತ್ತು. ಪುಸ್ತಕದ ಫೋಟೋಗಳೆಲ್ಲ ಕಪ್ಪು-ಬಿಳುಪಿನವು, ಅದರಲ್ಲಿ ಕೆಂಪೂ ಕಪ್ಪಾಗಿಯೇ ಕಾಣುತ್ತದೆ ಎಂಬುದು ನನ್ನ ಎಂ.ಎಸ್ಸಿ. ತಲೆಗೆ ಹೊಳೆಯಲಿಲ್ಲ. ವಿವರಣೆ ಮುಂದಿನ ಪುಟದಲ್ಲಿತ್ತು. ಪುಟ ತಿರುವಲಿಲ್ಲ. ಅಟೆಂಡರ್ ಹುಸೇನ್ ಸಾಬರು ಕರಿಹಲಗೆಗೆ ಹಚ್ಚಿ ಉಳಿದಿದ್ದ ಬಣ್ಣದ ಡಬ್ಬಿ ಕೊಟ್ಟರು. ಒಂದು ಭಾನುವಾರ ಕೂತು, ಎರಡು ಕೈ ಬಣ್ಣ ಹಚ್ಚಿ, ಕೊಕ್ಕನ್ನು ಮಿರಮಿರ ಮಿಂಚಿಸಿದೆ. ಮರುದಿನ ಕ್ಲಾಸಿನಲ್ಲಿ ಹಕ್ಕಿಯನ್ನು ಮೇಜಿನ ಮೇಲಿಟ್ಟು "ಕೊಕ್ಕು ನೀಳ, ಕಪ್ಪು" ಎಂದು ಬರೆಸಿದ್ದೂ ನಾನೇ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಪಾಟರ್ ಎಂಬುದೊಂದು ಭಾಗ. ಹತ್ತು ವಸ್ತುಗಳನ್ನು ನಂಬರ್ ಹಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಮುಂದೆ ಐದು ನಿಮಿಷ. ಗಂಟೆ ಹೊಡೆದರೆ ಮುಂದಿನದಕ್ಕೆ ಸರಿಯಬೇಕು. ಅಷ್ಟರೊಳಗೆ ಅದನ್ನು ಗುರುತಿಸಿ, ರೂಪ, ನೆಲೆ, ಆಹಾರದ ರೀತಿ ಬರೆಯಬೇಕು. ಏಳನೇ ನಂಬರಿಗೆ ನಮ್ಮ ಹಕ್ಕಿ ಕೂತಿತ್ತು. ವಿಭಾಗದ ಮುಖ್ಯಸ್ಥರು ಜ್ವರದಿಂದ ಮಲಗಿದ್ದರಿಂದ ಬಾಹ್ಯ ಪರೀಕ್ಷಕರ ಪಕ್ಕದ ಕುರ್ಚಿ ನನಗೆ ಸಿಕ್ಕಿತ್ತು. ಪರೀಕ್ಷಕರು ಎರೆಹುಳುವಿನ ವಿಷಯದಲ್ಲಿ ಹೆಸರು ಮಾಡಿದವರು. ತೆಳ್ಳಗಿನ, ಕಡಕ್ ಮನುಷ್ಯ. ನಗುವುದನ್ನು ರಜೆಗೆಂದು ಕೂಡಿಟ್ಟವರಂತೆ ಇದ್ದರು.

ಹನ್ನೊಂದು ಗಂಟೆಗೆ ಉತ್ತರ ನೋಡುತ್ತ ಕೂತಿದ್ದೆವು. ಅವರು ಒಂದು ಹಾಳೆಯನ್ನು ಪಕ್ಕಕ್ಕೆ ತೆಗೆದಿಟ್ಟರು. "ಇದು ಯಾರು?"

ನಂಬರು ನೋಡಿದೆ. ದುರುಗಪ್ಪ. ಹರಿಹರದವನು, ದಿನಾ ರೈಲಿನಲ್ಲಿ ಬರುವವನು. ಅವನ ಮನೆಯವರು ತುಂಗಭದ್ರೆಯಲ್ಲಿ ಕಪ್ಪೆಚಿಪ್ಪು ಆರಿಸಿ, ಭಟ್ಟಿಯಲ್ಲಿ ಸುಟ್ಟು, ಎಲೆ ಅಡಿಕೆಗೂ ಗೋಡೆಗೂ ಸುಣ್ಣ ಮಾಡಿ ಮಾರುವವರು. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ಅವನೇ. ಅವನ ಇಂಗ್ಲಿಷ್ ಕುಂಟುತ್ತಿತ್ತು. ಒಂಬತ್ತು ಸ್ಪಾಟರ್‌ಗಳಿಗೆ ತಲಾ ಎರಡು ಮೂರು ಸಾಲು ಬರೆದಿದ್ದ. ಏಳನೆಯದಕ್ಕೆ ಮಾತ್ರ ಒಂದು ಪುಟ ತುಂಬ ಬರೆದಿದ್ದ. ಅದರಲ್ಲಿ ಕೊಕ್ಕು ಕಿತ್ತಳೆಗೆಂಪು ಎಂದಿತ್ತು. ಕಣ್ಣು ಕೆಂಪು, ಕಾಲು ನಸುಗೆಂಪು ಎಂದಿತ್ತು. ಉಳಿದ ಇಪ್ಪತ್ತೊಂದು ಜನರೂ ನಾನು ಬರೆಸಿದ ಹಾಗೆ "ಕಪ್ಪು" ಎಂದೇ ಬರೆದಿದ್ದರು.

ಪರೀಕ್ಷಕರು ಪುಸ್ತಕ ತರಿಸಿದರು. ಚಿತ್ರ ನೋಡಿ, ನಾನು ಅಂದು ತಿರುವದ ಪುಟವನ್ನು ತಿರುವಿದರು. ಬೆರಳಿಟ್ಟು ಗಟ್ಟಿಯಾಗಿ ಓದಿದರು. ಕೊಕ್ಕು ಕಿತ್ತಳೆಗೆಂಪು. ಹಕ್ಕಿಗೆ ನಾನೇ ಮಸಿ ಬಳಿದಿದ್ದೇನೆ ಎಂದು ಗೊತ್ತಾದದ್ದು ಆ ಗಳಿಗೆಯಲ್ಲಿ. ಆದರೆ ಪರೀಕ್ಷಕರ ಬುದ್ಧಿ ಬೇರೆ ಕಡೆ ಓಡಿತ್ತು.

"ನೋಡಿ, ಪುಸ್ತಕ ಕೆಂಪು ಅನ್ನುತ್ತದೆ. ಇಲ್ಲಿರುವ ಹಕ್ಕಿಯ ಕೊಕ್ಕು ಕಪ್ಪಗಿದೆ. ಹಳೆಯದಾಗಿ ಕಪ್ಪಾಯಿತೋ, ಬೇರೆ ಜಾತಿಯೋ, ಅದು ಬೇರೆ ಪ್ರಶ್ನೆ. ಕಣ್ಣೆದುರಿಗೆ ಇರುವುದನ್ನು ಬಿಟ್ಟು ಪುಸ್ತಕದಲ್ಲಿ ಇರುವುದನ್ನು ಬರೆದಿದ್ದಾನೆ. ಎರಡು ಸಾಲು ಬರೆಯಲಾರದವನಿಗೆ ಇಲ್ಲಿ ಮಾತ್ರ ಒಂದು ಪುಟ ಹೇಗೆ ಬಂತು? ಚೀಟಿ ತಂದಿದ್ದಾನೆ."

ದುರುಗಪ್ಪನನ್ನು ಕರೆಸಿದರು. ಪ್ರಿನ್ಸಿಪಾಲರೂ ಬಂದು ಕೂತರು. ಅಂಗಿಯ ಜೇಬು, ರೆಕಾರ್ಡ್ ಪುಸ್ತಕ, ಪೆನ್ಸಿಲ್ ಡಬ್ಬಿ ಎಲ್ಲ ತಪಾಸಣೆ ಆಯಿತು. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಪರೀಕ್ಷಕರ ಅನುಮಾನ ಹೆಚ್ಚಾಯಿತು.

"ಕೆಂಪು ಅಂತ ಯಾಕೆ ಬರೆದೆ?"

"ಕೆಂಪು ಐತ್ರಿ ಸಾರ್. ನಾ ನೋಡೀನಿ."

"ಎಲ್ಲಿ ನೋಡಿದೆ?"

"ಹೊಳ್ಯಾಗ್ರೀ. ಹರಿಹರದ ಸೇತುವಿ ಕೆಳಗ. ಎರಡು ವರ್ಷದ ಹಿಂದ, ಚಳಿಗಾಲದಾಗ ದೊಡ್ಡ ಗಾಳಿ ಮಳಿ ಆತಲ್ರೀ, ಅದಾದ ಮ್ಯಾಲೆ ಬಂದಿತ್ತು. ಒಂದಾ ಹಕ್ಕಿ. ಎಂಟು ದಿನ ಇತ್ತು. ನಾವು ಚಿಪ್ಪು ಆರ್ಸೋ ಜಾಗದಾಗ ಅದೂ ಆರಿಸ್ತಿತ್ತು."

"ಸಮುದ್ರದ ಹಕ್ಕಿ ಹರಿಹರಕ್ಕೆ ಬಂದಿತ್ತೇ? ರೈಲಿನಲ್ಲಿ ಬಂತೇನು?"

ಪ್ರಿನ್ಸಿಪಾಲರು ನಕ್ಕರು. ದುರುಗಪ್ಪ ನಗಲಿಲ್ಲ. ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಪರೀಕ್ಷಕರು, ಊಟವಾದ ಮೇಲೆ ವಿಶ್ವವಿದ್ಯಾಲಯಕ್ಕೆ ವರದಿ ಬರೆಯುತ್ತೇನೆ, ಅಲ್ಲಿಯವರೆಗೆ ಹೊರಗೆ ಕೂತಿರು ಎಂದರು. ನಕಲು ಎಂದು ವರದಿ ಹೋದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಇದ್ದವರ ಮನೆಯಲ್ಲಿ ಎರಡು ವರ್ಷ ಎಂದರೆ ಎರಡು ವರ್ಷ. ದುರುಗಪ್ಪನ ಮನೆಯಲ್ಲಿ ಹಾಗಲ್ಲ. ಮರುವಾರವೇ ಅವನು ಭಟ್ಟಿಯ ಮುಂದೆ ನಿಲ್ಲುತ್ತಿದ್ದ, ಮತ್ತೆ ಕಾಲೇಜಿನ ಕಡೆ ತಲೆ ಹಾಕುವುದು ಸಾಧ್ಯವಿರಲಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಪರೀಕ್ಷಕರಿಗೆ ಪ್ರಿನ್ಸಿಪಾಲರ ಮನೆಯಲ್ಲಿ ಊಟ. ನಾನು ಲ್ಯಾಬಿನಲ್ಲೇ ಉಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ನನ್ನ ಉಗುರು ನೋಡಿಕೊಂಡೆ, ಎಲ್ಲಾದರೂ ಕರಿ ಬಣ್ಣ ಉಳಿದಿದೆಯೇ ಎಂದು. ತಿಂಗಳ ಹಿಂದಿನ ಬಣ್ಣ ಎಲ್ಲಿಂದ ಉಳಿಯಬೇಕು! ಕಿಟಕಿಯಾಚೆ ಬೇವಿನ ಮರದ ಕಟ್ಟೆಯ ಮೇಲೆ ದುರುಗಪ್ಪ ಕೂತಿದ್ದ. ತಂದ ಬುತ್ತಿ ಬಿಚ್ಚಿರಲಿಲ್ಲ. ಹತ್ತಿ ಗಿರಣಿಯ ಒಂದು ಗಂಟೆಯ ಸೈರನ್ ಆಯಿತು. ಹುಸೇನ್ ಸಾಬರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಸಾರ್, ಆ ಡಬ್ಬಿ ಇನ್ನೂ ಕಪಾಟ್ನಾಗೆ ಐತೆ. ಒಯ್ದು ಒಗೀಲೇನ್ರೀ?"

ಅವರಿಗೆ ಎಲ್ಲ ಅರ್ಥವಾಗಿತ್ತು. ನನ್ನನ್ನು ಉಳಿಸಬೇಕೆಂಬ ಪ್ರೀತಿಯಿಂದಲೇ ಕೇಳಿದ್ದರು. ಹೂಂ ಎಂದಿದ್ದರೆ ಸಾಕಿತ್ತು, ಡಬ್ಬಿ ಹಾಳು ಬಾವಿ ಸೇರುತ್ತಿತ್ತು, ಹಕ್ಕಿ ಹಾಗೇ ಕಪ್ಪು ಕೊಕ್ಕಿನಿಂದ ಇನ್ನೂ ಎಷ್ಟೋ ವರ್ಷ ಬೀರುವಿನಲ್ಲಿ ಇರುತ್ತಿತ್ತು. ನಾನು ಹೂಂ ಎನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹೊಸದಾಗಿ ಮದುವೆಯಾಗಿದ್ದೆ, ಕೆಲಸ ಕಾಯಂ ಆಗಿರಲಿಲ್ಲ. ಕಮಿಟಿಯವರು ಕೊಟ್ಟ ಹಕ್ಕಿಯನ್ನು ಯಾರನ್ನೂ ಕೇಳದೆ ಹಾಳು ಮಾಡಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸಮಯ ಕಳೆಯಲು ದುರುಗಪ್ಪನ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ನಿಜವಾಗಿ ಓದಿದೆ. ಹಕ್ಕಿ ಒದ್ದೆ ಮರಳಿನಲ್ಲಿ ನಿಧಾನವಾಗಿ ನಡೆಯುತ್ತದೆ, ಕೊಕ್ಕು ಚುಚ್ಚಿ ಚುಚ್ಚಿ ಹುಡುಕುತ್ತದೆ. ಬಾಯಿ ತುಸು ತೆರೆದ ಚಿಪ್ಪು ಸಿಕ್ಕರೆ ಅಲ್ಲೇ ಚಾಣದಂತೆ ಕೊಕ್ಕು ತೂರಿಸಿ, ಎರಡು ಹೋಳನ್ನು ಹಿಡಿದಿಡುವ ಸ್ನಾಯು ಕತ್ತರಿಸುತ್ತದೆ. ಇಷ್ಟು ಪುಸ್ತಕದಲ್ಲೂ ಇತ್ತು. ಮುಂದೆ ಹೀಗಿತ್ತು: ಮುಚ್ಚಿದ ಚಿಪ್ಪಾದರೆ ಅದನ್ನು ಗಟ್ಟಿ ನೆಲಕ್ಕೆ ಹೊತ್ತು ತರುತ್ತದೆ, ಯಾಕೆಂದರೆ ಮೆತ್ತನೆ ಮರಳಿನಲ್ಲಿ ಕುಟ್ಟಿದರೆ ಚಿಪ್ಪು ಒಳಗೆ ಹೂತುಹೋಗುತ್ತದೆ. ಹಕ್ಕಿ ತಿಂದು ಬಿಟ್ಟ ಚಿಪ್ಪಿನ ಒಂದೇ ಅಂಚು ಮುಕ್ಕಾಗಿರುತ್ತದೆ. ನಮ್ಮ ತಾಯಿ ಅಂಥ ಚಿಪ್ಪು ಬೇರೆ ಆರಿಸಿ ಇಡುತ್ತಿದ್ದಳು, ಒಳಗೆ ಮಾಂಸ ಇರದ ಕಾರಣ ಭಟ್ಟಿಯಲ್ಲಿ ವಾಸನೆ ಬರುವುದಿಲ್ಲ.

ಪುಸ್ತಕವನ್ನು ಈ ಸಲ ಒಂದೂ ಪುಟ ಬಿಡದೆ ನೋಡಿದೆ. ಹೊತ್ತು ತರುವುದಾಗಲಿ ಮುಕ್ಕಾದ ಅಂಚಾಗಲಿ ಎಲ್ಲೂ ಇರಲಿಲ್ಲ. ಆ ತಾಯಿಯಂತೂ ಯಾವ ಪುಸ್ತಕದಲ್ಲಿ ಇರಲು ಸಾಧ್ಯ? ನನಗೆ ನಾಚಿಕೆಯಾಯಿತು. ಡಬ್ಬಿಯನ್ನು ಕಪಾಟಿನಿಂದ ತೆಗೆದು ಮೇಜಿನ ನಡುವೆ ಇಟ್ಟೆ. ಹುಸೇನ್ ಸಾಬರಿಗೆ ಟರ್ಪೆಂಟೈನ್ ಮತ್ತು ಹತ್ತಿ ತರಲು ಹೇಳಿದೆ.

ಒಂದೂವರೆಗೆ ಇಬ್ಬರೂ ಬಂದರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ವರದಿಯ ಹಾಳೆ ಎಳೆದುಕೊಂಡರು.

"ಸಾರ್, ಬರೆಯಬೇಡಿ. ಆ ಕೊಕ್ಕಿಗೆ ಕಪ್ಪು ಬಳಿದವನು ನಾನು" ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ಚಿತ್ರ, ತಿರುವದ ಪುಟ, ಕರಿಹಲಗೆಯ ಬಣ್ಣ, ಎಲ್ಲ ಹೇಳಿದೆ. ಪ್ರಿನ್ಸಿಪಾಲರ ಮುಖ ಕೆಂಪಾಯಿತು.

"ಏನ್ರೀ ಮೇಷ್ಟ್ರೇ, ಹುಡುಗನ್ನ ಉಳಿಸಾಕ ಕಥಿ ಕಟ್ತೀರೇನು?"

"ಮಾತು ಬೇಡ" ಎಂದರು ಪರೀಕ್ಷಕರು. ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ತಾವೇ ಕೊಕ್ಕನ್ನು ಒರೆಸತೊಡಗಿದರು. ಬಣ್ಣ ಸುಲಭಕ್ಕೆ ಬಿಡಲಿಲ್ಲ. ಎರಡು ಕೈ ಹಚ್ಚಿದ್ದೆನಲ್ಲ! ಮೂರು ಸಲ ಹತ್ತಿ ಕಪ್ಪಾಯಿತು. ಕೊಕ್ಕಿನ ಬುಡ ಬೆಲ್ಲದ ಬಣ್ಣಕ್ಕೆ ತಿರುಗಿತು, ಅಷ್ಟೇ. ಕೊಕ್ಕು ಕೆಂಪಗಿತ್ತೆಂದು ಇದು ಸಾಬೀತು ಮಾಡುವುದಿಲ್ಲ ಎಂದು ನನಗೆ ಅನ್ನಿಸಿತು. ಅವರು ಸೂಜಿ ಕೇಳಿದರು. ಕೊಕ್ಕಿನ ಮೇಲಿರುವ ಮೂಗಿನ ಹೊಳ್ಳೆಯ ಸಂದಿನಲ್ಲಿ ಸೂಜಿ ಆಡಿಸಿ, ಬಂದದ್ದನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಕನ್ನಡಕ ಹಣೆಗೇರಿಸಿ ನೋಡಿದರು. ಕರಿ ಚೂರುಗಳ ನಡುವೆ ಹುಲ್ಲು ತುಂಬಿದವರು ಹಚ್ಚಿದ್ದ ಹಳೆಯ ಬಣ್ಣ ಸಾಸಿವೆಯಷ್ಟು, ಕಿತ್ತಳೆಗೆಂಪು.

ಆಮೇಲೆ ನಾನು ಹಾಳೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು, ಪುಸ್ತಕದಲ್ಲಿ ಇಲ್ಲದ ಸಾಲುಗಳನ್ನು ತೋರಿಸಿದೆ. ಅವರು ಎರಡು ಸಲ ಓದಿದರು. ಹಾಳೆಯನ್ನು ಮೇಜಿನ ಮೇಲಿಟ್ಟು, "ನಾನೂ ಈ ಹಕ್ಕಿಯನ್ನು ಜೀವಂತವಾಗಿ ನೋಡಿಲ್ಲ ಕಣ್ರೀ" ಎಂದರು. ವರದಿಯ ಹಾಳೆಯನ್ನು ಎರಡಾಗಿ ಹರಿದರು. ದುರುಗಪ್ಪನಿಗೆ ಏಳನೇ ಪ್ರಶ್ನೆಗೆ ಪೂರ್ತಿ ಅಂಕ ಕೊಟ್ಟರು. ಕಪ್ಪು ಎಂದು ಬರೆದ ಇಪ್ಪತ್ತೊಂದು ಜನರ ಅಂಕವನ್ನೂ ಕಡಿಯಲಿಲ್ಲ. ಮೇಷ್ಟ್ರ ತಪ್ಪಿಗೆ ಹುಡುಗರಿಗೆ ಯಾಕೆ ಬರೆ ಹಾಕಬೇಕು ಎಂದರು. ಬರೆ ಬಿದ್ದದ್ದು ನನಗೆ. ನನ್ನ ಕಾಯಂ ಕಡತ ಒಂದು ವರ್ಷ ಮುಂದಕ್ಕೆ ಹೋಯಿತು. ಅದು ನ್ಯಾಯವೇ ಆಗಿತ್ತು.

ಹರಿಹರಕ್ಕೆ ಬಂದದ್ದು ನಿಜವಾಗಿ ಆಯ್ಸ್ಟರ್‌ಕ್ಯಾಚರ್ ಹೌದೇ ಎಂದು ಇಂದಿಗೂ ಕೇಳುವವರಿದ್ದಾರೆ. ಕಡಲು ಬಿಟ್ಟು ಅಷ್ಟು ಒಳನಾಡಿಗೆ ಅದು ಬರುವುದು ಅಪರೂಪ. ನಾನು ನೋಡಿದವನಲ್ಲ, ಆಣೆ ಮಾಡಲಾರೆ. ಆದರೆ ನೋಡದವನು ಆ ಪುಟ ಬರೆಯಲಾರ ಎಂಬುದು ನನ್ನ ನಂಬಿಕೆ.

ಸುದ್ದಿ ಹೇಳಲು ನಾನೇ ಬೇವಿನ ಕಟ್ಟೆಗೆ ಹೋದೆ. ದುರುಗಪ್ಪ ಎದ್ದು ನಿಂತ. ಪಾಸು ಎಂದೆ. ಅವನು ಕಟ್ಟೆಗೆ ಕೈ ಊರಿ ಮತ್ತೆ ಕುಳಿತ. ಹಕ್ಕಿಗೆ ಬಣ್ಣ ಬಳಿದದ್ದು ನಾನು, ತಪ್ಪಾಯಿತು ಎಂದೆ.

"ಗೊತ್ತೈತ್ರಿ ಸಾರ್. ಆವತ್ತು ಭಾನುವಾರ ರೆಕಾರ್ಡ್ ಕೊಡಾಕ ಬಂದಿದ್ದೆ. ಬಾಗ್ಲಾಗಿಂದ ನೋಡಿದೆ. ನೀವು ಬಳೀತಿದ್ರಿ."

"ಮತ್ತೆ ಒಳಗೆ ಯಾಕಪ್ಪ ಹೇಳಲಿಲ್ಲ?" ಎಂದು ಕೇಳಿದೆ.

"ನಾ ಹೇಳಿದ್ರೆ ನಿಮ್ಮ ಮ್ಯಾಲೆ ಚಾಡಿ ಹೇಳ್ದಂಗೆ ಆಗ್ತಿತ್ತು. ನೀವಾ ಹೇಳ್ತೀರಿ ಅಂತ ಕುಂತಿದ್ದೆ." ಬುತ್ತಿಯ ಗಂಟು ಬಿಚ್ಚುತ್ತ ತಲೆ ಎತ್ತದೆ ಹೇಳಿದ, "ಸೈರನ್ ಆದ ಮ್ಯಾಲೂ ಯಾರೂ ಬರ್ಲಿಲ್ಲಲ್ರೀ, ಆವಾಗ ಸ್ವಲ್ಪ ಅಂಜಿಕಿ ಆತು."

ಆ ಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದೆ. ತಪ್ಪುಗಳನ್ನೂ ಧಾರಾಳವಾಗಿ ಮಾಡಿದೆ. ತಪ್ಪು ಹೇಳಿಕೊಟ್ಟಿದ್ದು ಗೊತ್ತಾದರೆ ಮರುದಿನದ ತನಕ ಕಾಯುತ್ತಿರಲಿಲ್ಲ. ಗಂಟೆ ಹೊಡೆದು ಹುಡುಗರು ಬೇರೆ ಕ್ಲಾಸಿಗೆ ಹೋಗಿದ್ದರೂ ಅಲ್ಲಿಗೇ ಹೋಗಿ, ಬಾಗಿಲಲ್ಲಿ ನಿಂತು ತಿದ್ದಿ ಬರುತ್ತಿದ್ದೆ. ಸಹೋದ್ಯೋಗಿಗಳು ಇದನ್ನು ನನ್ನ ಹುಚ್ಚು ಎಂದು ತಿಳಿದಿದ್ದರು. ಹುಡುಗರು ನಗುತ್ತಿದ್ದರು. ಕೊಕ್ಕು ಕಪ್ಪೆಂದು ಬರೆಸಿದ್ದಕ್ಕೆ ನಾನು ಈಗ ಅಷ್ಟಾಗಿ ನಾಚುವುದಿಲ್ಲ, ತಿಳಿಯದೆ ಆದ ತಪ್ಪು ಅದು. ಹನ್ನೊಂದರಿಂದ ಒಂದೂವರೆಯ ತನಕ, ತಿಳಿದ ಮೇಲೆಯೂ ಸುಮ್ಮನಿದ್ದೆನಲ್ಲ, ನಾಚಿಕೆ ಅದಕ್ಕೆ. ಆ ಹೊತ್ತಿನಲ್ಲಿ ಅವನು ನನ್ನನ್ನು ನಂಬಿ ಹೊರಗೆ ಕೂತಿದ್ದ.