ನಡುಗದ ರಿಮೋಟ್

ಟಿವಿಗೆ ಹಚ್ಚಿ ಆಡುವ ಗೇಮ್ ಬೇಕೆಂದು ಮಗಳು ಹಟ ಹಿಡಿದಿದ್ದಳು. ಮೂವರೂ ಮೊಬೈಲ್ ಹಿಡಿದು ಮೂರು ಮೂಲೆ ಸೇರುವುದು ನನಗೂ ಸಾಕಾಗಿತ್ತು. ಅಮಾವಾಸ್ಯೆಗೆ ನಮ್ಮ ಬನಹಟ್ಟಿಯ ಮಗ್ಗಗಳಿಗೆ ರಜೆ. ಅಂದೇ ಜಮಖಂಡಿಯ ಅಂಗಡಿಗೆ ಹೋದೆವು.

ಅಂಗಡಿಯವನು ಎರಡು ಬಗೆ ತೋರಿಸಿ, ದುಬಾರಿಯದರ ರಿಮೋಟನ್ನು ನಮ್ಮ ಮನೆಯವರ ಕೈಗಿತ್ತ.

"ಆಟದಾಗ ಗಾಡಿ ಬಡದ್ರ ಇದು ಕೈಯಾಗ ನಡಗ್ತೈತ್ರಿ. ಅದಕ್ಕ ತುಟ್ಟಿ."

ಪರದೆಯ ಮೇಲೆ ಗಾಡಿ ಗೋಡೆಗೆ ಬಡಿಯಿತು.

"ಎಲ್ಲಿ ನಡಗ್ತೈತ್ರಿ?" ಎಂದರು ಇವರು.

ಅವನು ಬೇರೊಂದು ರಿಮೋಟ್ ತಂದ. ಗಾಡಿ ಮತ್ತೆ ಬಡಿಯಿತು.

"ಇದೂ ಕೆಟ್ಟೈತಿ ನೋಡ್ರಿ," ಎಂದು ಇವರು ಅದನ್ನು ಮಗಳಿಗೆ ಕೊಟ್ಟರು. ಅವಳ ಕೈಯಲ್ಲಿ ಅದು ಗುಂಯ್‌ಗುಟ್ಟಿ ನಡುಗಿತು. ಅವಳು ನಕ್ಕಳು, ಅಪ್ಪನ ಮುಖ ನೋಡಿ ಅದನ್ನು ಕೆಳಗಿಟ್ಟಳು.

ಇವರು ಸಣ್ಣವರಿದ್ದಾಗಿನಿಂದ ಪವರ್‌ಲೂಮಿನ ಮೇಲೆ ಅದುರಿ ಅದುರಿ ಜೋಮು ಹಿಡಿದ ಕೈಗಳವು. ಮಲಗಿ ಎದ್ದರೆ ಹೋಗುತ್ತದೆ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆವು.

ಅಂಗಡಿಯವನು ಇನ್ನೊಂದು ರಿಮೋಟಿಗೆ ಕೈ ಹಾಕಿದಾಗ ನನಗೆ ಸಿಟ್ಟು ಬಂತು. "ಸಾಕ್ರಿ. ಸಸ್ತಾದ್ದನ್ನ ಕೊಟ್ಟಬಿಡ್ರಿ," ಎಂದೆ.

ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತು, ಕಿರುಬೆರಳನ್ನು ಹಿಡಿದು ಜೋರಾಗಿ ಹಿಂಡಿದೆ. ಅವರು ಕಿಟಕಿಯಾಚೆಯ ಕಬ್ಬು ನೋಡುತ್ತಲೇ ಇದ್ದರು.